ಮನೆಯಲ್ಲೇ ಕಲಿಯುವ ಮಕ್ಕಳಿಗೆ ಯಾವ ಬಗೆಯ ಉಕ್ತಲೇಖನ ಒಳ್ಳೆಯದು?

ಉಕ್ತಲೇಖನ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಹತ್ತು ಪದ, ಹತ್ತು ಅಂಕ, ಕೆಂಪು ಶಾಯಿ. ಮೇಷ್ಟ್ರು ಪದ ಹೇಳುತ್ತಿದ್ದರು, ತರಗತಿ ಪೂರ್ತಿ ತಲೆ ಬಗ್ಗಿಸಿ ಬರೆಯುತ್ತಿತ್ತು. ತಪ್ಪಿದ ಪದವನ್ನು ಹತ್ತು ಸಲ ಬರೆದುಕೊಂಡು ಬರಬೇಕಿತ್ತು. ನಲವತ್ತು ಮಕ್ಕಳಿಗೆ ಒಬ್ಬರೇ ಮೇಷ್ಟ್ರು ಇರುವ ಕಡೆ ಬೇರೆ ದಾರಿ ಕಡಿಮೆ, ನಿಜ. ಆದರೆ ಮನೆಯಲ್ಲಿ ಕಲಿಸುವವರ ಎದುರು ಕೂತಿರುವುದು ಒಂದೋ ಎರಡೋ ಮಗು. ಪೆನ್ಸಿಲ್ ಯಾವ ಅಕ್ಷರದ ಹತ್ತಿರ ನಿಂತಿತು, ಯಾವ ಪದಕ್ಕೆ ಮಗು ನಮ್ಮ ಮುಖ ನೋಡಿತು, ಎಲ್ಲಿ ಅಳಿಸಿ ಬರೆಯಿತು ಎಲ್ಲವೂ ಕಣ್ಣಿಗೆ ಬೀಳುತ್ತದೆ. ಇಷ್ಟು ಅನುಕೂಲ ಇದ್ದ ಮೇಲೆ ಶಾಲೆಯ ಪದ್ಧತಿಯನ್ನೇ ಮನೆಗೂ ತರಬೇಕಾಗಿಲ್ಲ.

ನಾನು ನನ್ನ ಇಬ್ಬರು ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತೇನೆ. ಹೋಮ್‌ಸ್ಕೂಲ್ ಮಾಡುವ ಬೇರೆ ಮನೆಯವರು ಸಿಕ್ಕಾಗ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ಕನ್ನಡ ಓದುತ್ತಾರೆ, ಮಾತಾಡುತ್ತಾರೆ, ಬರೆಯಲು ಕೂತರೆ ತಪ್ಪು. ಏನು ಮಾಡೋದು? ಉಕ್ತಲೇಖನದಲ್ಲಿ ನಾಲ್ಕೈದು ಬಗೆ ಇವೆ. ಒಂದೊಂದೂ ಒಂದೊಂದು ಕೆಲಸಕ್ಕೆ ಆಗುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಗುವಿನ ವಯಸ್ಸು ನೋಡಿ ಬಗೆ ಆರಿಸಬೇಡಿ, ತಪ್ಪು ನೋಡಿ ಆರಿಸಿ. ಯಾವುದೂ ತಿಳಿಯದಿದ್ದರೆ ಪಾಠವನ್ನು ಮೊದಲು ತೋರಿಸಿ, ಓದಿಸಿ, ಆಮೇಲೆ ಹೇಳಿ ಬರೆಸುವ ಬಗೆಯಿಂದ ಶುರು ಮಾಡಿ. ಹೆಚ್ಚಿನ ಮನೆಗಳಿಗೆ ಅದೇ ಸರಿಹೋಗುತ್ತದೆ.

ಮೊದಲು ತಪ್ಪನ್ನು ಓದಿ

ಎಂಟು ವರ್ಷದ ಮಗುವಿಗೆ ಈ ವಾಕ್ಯ ಹೇಳಿದೆವು ಅಂದುಕೊಳ್ಳಿ:

ಮಧ್ಯಾಹ್ನ ಅಜ್ಜಿ ಹಪ್ಪಳದ ಹಿಟ್ಟನ್ನು ನಾದಿ ಸಣ್ಣ ಉಂಡೆಗಳನ್ನು ಮಾಡಿದರು. ಸೂರ್ಯನ ಬಿಸಿಲು ಚೆನ್ನಾಗಿತ್ತು.

ಮಗು ಬರೆದದ್ದು ಹೀಗಿದೆ:

ಮದ್ಯಾನ ಅಜ್ಜಿ ಅಪ್ಪಳದ ಹಿಟನ್ನು ನಾದಿ ಸನ್ನ ಉಂಡೆಗಳನ್ನು ಮಾಡಿದರು. ಸೂಯ್ರನ ಬಿಸಿಲು ಚೆನ್ನಾಗಿತ್ತು.

ಐದು ತಪ್ಪು. ಅಂಕ ಹಾಕುವವರಿಗೆ ಐದೂ ಒಂದೇ. ಕಲಿಸುವವರಿಗೆ ಹಾಗಲ್ಲ. ‘ಹಿಟನ್ನು’ ಮತ್ತು ‘ಸನ್ನ’ ಕಿವಿಯ ತಪ್ಪು. ಟಕಾರ ಇಮ್ಮಡಿಯಾಗಿರುವುದು, ಣ ಮತ್ತು ನ ಬೇರೆ ಆಗಿರುವುದು ಉಚ್ಚಾರದಲ್ಲೇ ಇದೆ. ಗಮನವಿಟ್ಟು ಕೇಳಿದರೆ ಸಿಗುತ್ತದೆ. ‘ಅಪ್ಪಳ’ವೂ ಕಿವಿಯದ್ದೇ, ಆದರೆ ಅದು ಮನೆಯವರ ಬಾಯಿಯಿಂದ ಬಂದಿರಬಹುದು. ಹಳೇ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಮಾತಿನ ಮೊದಲಿಗೆ ಬರುವ ಹಕಾರ ಬಿಟ್ಟೇ ಹೋಗಿರುತ್ತದೆ.

‘ಮದ್ಯಾನ’ ಕಣ್ಣಿನ ತಪ್ಪು. ನಾವು ಯಾರೂ ದಿನದ ಮಾತಿನಲ್ಲಿ ‘ಮಧ್ಯಾಹ್ನ’ ಎಂದು ಬರವಣಿಗೆಯ ಹಾಗೆ ಉಚ್ಚರಿಸುವುದಿಲ್ಲ. ‘ಮದ್ಯಾನ’ ಅನ್ನುತ್ತೇವೆ, ಇಲ್ಲವೇ ‘ಮಧ್ಯಾನ್ಹ’ ಅನ್ನುತ್ತೇವೆ. ಈ ಪದವನ್ನು ಎಷ್ಟು ಸಲ ಕೇಳಿಸಿದರೂ ಮಗುವಿಗೆ ಸರಿ ಬರಹ ಸಿಗುವುದಿಲ್ಲ, ನೋಡಿಯೇ ಕಲಿಯಬೇಕು. ಚಿಹ್ನೆ, ಬ್ರಹ್ಮ, ಆಹ್ವಾನ, ಪ್ರಹ್ಲಾದ ಎಲ್ಲ ಇದೇ ಸಾಲಿನವು. ಮಹಾಪ್ರಾಣದ ಬಹುಪಾಲು ತಪ್ಪು, ಶ–ಷ ತಪ್ಪು, ‘ಗೃಹ’ ಮತ್ತು ‘ಗ್ರಹ’ದ ಗೊಂದಲ ಕೂಡ ಕಣ್ಣಿನವೇ.

‘ಸೂಯ್ರ’ ಮೂರನೆಯ ಬಗೆ. ಅದು ಕೈಯ ತಪ್ಪು. ಮಗುವಿಗೆ ಸದ್ದು ಸರಿಯಾಗಿ ಕೇಳಿಸಿದೆ. ಯಕಾರವೂ ಇದೆ, ರಕಾರವೂ ಇದೆ ಎಂದು ಗೊತ್ತು. ಆದರೆ ಬಾಯಲ್ಲಿ ಮೊದಲು ಬರುವ ರ್, ಬರೆಯುವಾಗ ಅಕ್ಷರದ ಆಮೇಲೆ ಅರ್ಕಾವತ್ತಾಗಿ ಬರುವುದನ್ನು ಕೈ ಇನ್ನೂ ಕಲಿತಿಲ್ಲ. ಒತ್ತುಗಳಲ್ಲೂ ಇದೇ ಕಷ್ಟ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ‘ಅಕ್ಕ’ ಬರೆಯುವ ಮಗು ‘ಅಮ್ಮ’ ಬರೆಯಲು ತಡವರಿಸುವುದು ಅದಕ್ಕೇ.

ಕನ್ನಡದಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ ಸೇರಿ 49 ಅಕ್ಷರ. ಹೇಳಿದ ಹಾಗೆ ಬರೆಯುವ ಭಾಷೆ ಎಂಬ ಮಾತು ಬಹುಮಟ್ಟಿಗೆ ನಿಜ. ಆ ‘ಬಹುಮಟ್ಟಿಗೆ’ಯ ಹೊರಗೆ ಉಳಿದ ಪದಗಳಲ್ಲೇ ಮಕ್ಕಳು ಎಡವುತ್ತಾರೆ. ಹಾಗಾಗಿ ಬಗೆ ಆರಿಸುವ ಮೊದಲು ಮಗು ಸುಮ್ನೆ ತನ್ನಷ್ಟಕ್ಕೆ ಬರೆದ ಒಂದೆರಡು ಪುಟ ಎದುರಿಗಿಟ್ಟುಕೊಳ್ಳಿ. ಪ್ರತಿ ತಪ್ಪಿನ ಪಕ್ಕ ಕಿವಿ, ಕಣ್ಣು, ಕೈ ಎಂದು ಗುರುತು ಹಾಕಿ. ಯಾವುದು ಜಾಸ್ತಿ ಅನ್ನುವುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಪದಪಟ್ಟಿ

ಸೋಮವಾರ ಪಟ್ಟಿ, ಶುಕ್ರವಾರ ಉಕ್ತಲೇಖನ. ತಯಾರಿ ಬೇಡ, ಐದು ನಿಮಿಷದಲ್ಲಿ ಮುಗಿಯುತ್ತದೆ, ಅಡುಗೆ ಮಾಡುತ್ತಲೇ ಹೇಳಬಹುದು. ಅಕ್ಷರ ಕಲಿಯುವ ಹಂತದಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ ಎಂದೇ ನನಗನಿಸುತ್ತದೆ.

ಇದಕ್ಕೆ ನಲಿಕಲಿಯ ಕ್ರಮ ತುಂಬ ನೆರವಾಗುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ ಅದು. ಅಲ್ಲಿ ಅ ಆ ಇ ಈ ಎಂದು ಶುರು ಮಾಡುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಆಮೇಲೆ ಜ, ವ, ಮ, ಬ, ನ. ಮೊದಲ ಐದು ಅಕ್ಷರ ಬಂದ ದಿನವೇ ಉಕ್ತಲೇಖನ ಶುರು ಮಾಡಬಹುದು: ಸರ, ರಸ, ಅರಸ, ಅಗಸ, ಗರಗಸ. ಐದು ವರ್ಷದ ಮಗು ಕೇಳಿಸಿಕೊಂಡು ‘ಗರಗಸ’ ಅಂತ ತಾನೇ ಬರೆದಾಗ ಅದರ ಮುಖ ನೋಡಬೇಕು! ಎರಡನೆಯ ಗುಂಪು ಸೇರಿದರೆ ವನಜ, ಬಸವ, ಮರ, ನಗ, ಜನ. ತಲಕಟ್ಟು, ಇಳಿ, ಗುಡಿಸು, ಕೊಂಬು ಒಂದೊಂದೇ ಬಂದ ಹಾಗೆ ಪಟ್ಟಿ ಬೆಳೆಯುತ್ತದೆ.

ಆದರೆ ಕಾಗುಣಿತ ದಾಟಿದ ಮಗುವಿಗೆ ಪದಪಟ್ಟಿಯೊಂದನ್ನೇ ನೆಚ್ಚಿಕೊಂಡರೆ ಸಾಲದು. ಕಾರಣ ಕನ್ನಡದ್ದೇ. ನಮ್ಮ ಪದ ವಾಕ್ಯಕ್ಕೆ ಬಂದ ಕೂಡಲೇ ರೂಪ ಬದಲಾಯಿಸುತ್ತದೆ. ಪಟ್ಟಿಯಲ್ಲಿ ‘ಹಿಟ್ಟು’ ಇರುತ್ತದೆ, ಬರವಣಿಗೆಯಲ್ಲಿ ‘ಹಿಟ್ಟನ್ನು’, ‘ಹಿಟ್ಟಿನಿಂದ’, ‘ಹಿಟ್ಟಿನಲ್ಲಿ’ ಬರುತ್ತವೆ. ಕ್ರಿಯಾಪದಗಳಂತೂ ಪಟ್ಟಿಗೆ ಬರುವುದೇ ಅಪರೂಪ. ಮಕ್ಕಳು ಹೆಚ್ಚು ತಪ್ಪುವುದು ಅಲ್ಲೇ. ಬಾಯಲ್ಲಿ ‘ಬರ್ತಿದೀನಿ’, ಪುಸ್ತಕದಲ್ಲಿ ‘ಬರುತ್ತಿದ್ದೇನೆ’. ಬಾಯಲ್ಲಿ ‘ಹೋಗ್ತಿದ್ರು’, ಪುಸ್ತಕದಲ್ಲಿ ‘ಹೋಗುತ್ತಿದ್ದರು’. ‘ತಿಂತಾಳೆ’ ಎನ್ನುವ ಮಗುವಿಗೆ ‘ತಿನ್ನುತ್ತಾಳೆ’ಯಲ್ಲಿ ಎರಡು ಒತ್ತು ಇರುವುದು ಎಲ್ಲಿಂದ ಗೊತ್ತಾಗಬೇಕು? ಅದು ವಾಕ್ಯದಲ್ಲಿ ಮಾತ್ರ ಸಿಗುತ್ತದೆ.

ಪಟ್ಟಿಯ ಇನ್ನೊಂದು ದೋಷ ಎಲ್ಲರಿಗೂ ಗೊತ್ತಿರುವುದೇ. ಶುಕ್ರವಾರ ಹತ್ತಕ್ಕೆ ಹತ್ತು ತೆಗೆದ ಮಗು ಭಾನುವಾರ ಅಜ್ಜನಿಗೆ ಬರೆದ ಪತ್ರದಲ್ಲಿ ಅದೇ ಪದ ತಪ್ಪಿರುತ್ತದೆ.

ನೋಡಿ ಬರೆಯುವುದು

ಇದು ಉಕ್ತಲೇಖನ ಅಲ್ಲ, ಅದರ ಮುಂಚಿನ ಮೆಟ್ಟಿಲು. ಕಾಪಿ ಬರಹ ಎಂದರೆ ಮೂಗು ಮುರಿಯುವವರಿದ್ದಾರೆ. ಕೈಯ ತಪ್ಪು ಜಾಸ್ತಿ ಇರುವ ಮಗುವಿಗೆ ನಾನು ಇದನ್ನೇ ಹೇಳುವುದು. ಅರ್ಕಾವತ್ತು, ವಟ್ರಸುಳಿ, ಏತ್ವದ ದೀರ್ಘ, ಆ ಆರು ಒತ್ತುಗಳು ಇವೆಲ್ಲ ಕೈಗೆ ಕೂರುವುದು ನೋಡಿ ಬರೆದಾಗಲೇ. ಪುಟಗಟ್ಟಲೆ ಬೇಡ. ದಿನಕ್ಕೆ ಒಂದೋ ಎರಡೋ ವಾಕ್ಯ ಸಾಕು, ಅದನ್ನು ಚೆನ್ನಾಗಿ ಬರೆಯಬೇಕು. ಒಂದು ಷರತ್ತು ಇದೆ. ಅಕ್ಷರ ಅಕ್ಷರ ನೋಡಿ ಗೀಚಬಾರದು. ಪೂರ್ತಿ ಪದ ನೋಡಿ, ತಲೆಯೆತ್ತಿ, ಬಾಯಲ್ಲಿ ಹೇಳಿಕೊಂಡು ಬರೆಯಬೇಕು. ಹಾಗೆ ಮಾಡಿದರೆ ಮಗು ತನಗೆ ತಾನೇ ಉಕ್ತಲೇಖನ ಹೇಳಿಕೊಂಡ ಹಾಗೆ ಆಗುತ್ತದೆ.

ಮೊದಲು ತೋರಿಸಿ, ಆಮೇಲೆ ಹೇಳುವುದು

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಇದನ್ನು ಒಂದು ಪದ್ಧತಿಯಾಗಿ ವಿವರಿಸಿ ಬರೆದವರಲ್ಲಿ ಹೋಮ್‌ಸ್ಕೂಲ್ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ ಹೆಸರು ಷಾರ್ಲಟ್ ಮೇಸನ್. ಇಂಗ್ಲೆಂಡಿನ ಶಿಕ್ಷಕಿ, 1842ರಿಂದ 1923ರವರೆಗೆ ಬದುಕಿದ್ದವರು. ಅಲ್ಲಿನ ಆಂಬಲ್‌ಸೈಡ್ ಎಂಬ ಊರಿನಲ್ಲಿ 1892ರಲ್ಲಿ ಶಿಕ್ಷಕಿಯರ ತರಬೇತಿ ಶಾಲೆ ಶುರು ಮಾಡಿದರು. ಅವರ ವಾದ ಇಷ್ಟೇ: ಸರಿಯಾಗಿ ಬರೆಯುವುದು ಕಣ್ಣು ಪದದ ಚಿತ್ರವನ್ನು ಹಿಡಿದಿಟ್ಟುಕೊಳ್ಳುವುದರ ಮೇಲೆ ನಿಂತಿದೆ. ತಪ್ಪಾಗಿ ಬರೆದ ಪದವನ್ನು ಕಣ್ಣು ನೋಡಿದರೆ ಆ ಚಿತ್ರವೂ ಉಳಿದುಬಿಡುತ್ತದೆ. ಆದ್ದರಿಂದ ಮಗು ತಪ್ಪು ಬರೆಯುವ ಸಂದರ್ಭವೇ ಕಡಿಮೆ ಇರಬೇಕು.

ಅವರು ಹೇಳಿದ ಕ್ರಮದಲ್ಲಿ ಮಗು ಮೊದಲು ಪಾಠದ ತುಣುಕನ್ನು ತಾನೇ ಓದಿ ತಯಾರಾಗುತ್ತದೆ. ಅನುಮಾನದ ಪದವನ್ನು ನೋಡುತ್ತದೆ, ಕಣ್ಣು ಮುಚ್ಚಿ ಆ ಪದ ಕಾಣುವವರೆಗೂ ನೋಡುತ್ತದೆ. ಕಷ್ಟ ಅನಿಸಿದ ಪದಗಳನ್ನು ಶಿಕ್ಷಕಿ ಬೋರ್ಡಿನ ಮೇಲೆ ಬರೆದು ತೋರಿಸಿ ಅಳಿಸುತ್ತಾರೆ. ಆಮೇಲೆ ತುಂಡು ತುಂಡಾಗಿ ಹೇಳುತ್ತಾರೆ. ತಪ್ಪಿದ ಪದದ ಮೇಲೆ ತಕ್ಷಣ ಕಾಗದ ಅಂಟಿಸಿ ಮುಚ್ಚುತ್ತಾರೆ.

ಅದು ಇಂಗ್ಲಿಷ್ ಬರವಣಿಗೆಗೆ ಕಟ್ಟಿದ ಪದ್ಧತಿ. ಇಂಗ್ಲಿಷಿನಲ್ಲಿ ಕಿವಿಗಿಂತ ಕಣ್ಣಿನ ಕೆಲಸ ಜಾಸ್ತಿ. ಕನ್ನಡಕ್ಕೆ ತರುವಾಗ ಒಂದು ಬದಲಾವಣೆ ಮಾಡಿಕೊಳ್ಳಬೇಕು. ತಯಾರಿಯ ಹೊತ್ತಿನಲ್ಲಿ ಮಗು ಬರೀ ನೋಡುವುದಲ್ಲ, ಗಟ್ಟಿಯಾಗಿ ಓದಬೇಕು. ಓದುವಾಗ ಒತ್ತು, ದೀರ್ಘ, ಳ, ಣ ಎಲ್ಲ ಸ್ಪಷ್ಟವಾಗಿ ಬಾಯಿಗೆ ಬರಬೇಕು. ಆಗ ಕಣ್ಣೂ ಕಿವಿಯೂ ಒಟ್ಟಿಗೆ ಕಲಿಯುತ್ತವೆ.

ನಮ್ಮ ಮನೆಯಲ್ಲಿ ಇದು ಎರಡು ದಿನದ ಕೆಲಸ. ಮೊದಲ ದಿನ ನಾಲ್ಕು ಸಾಲು ಓದಿ, ‘ಎಲ್ಲಿ ತಪ್ಪಬಹುದು, ಗೆರೆ ಎಳಿ’ ಎನ್ನುತ್ತೇನೆ. ಮಗಳು ಎಳೆಯುವ ಗೆರೆಗಳೇ ನನಗೆ ಅರ್ಧ ಪಾಠ. ಅವಳು ‘ವಿಶೇಷ’ದ ಕೆಳಗೆ ಗೆರೆ ಎಳೆಯುತ್ತಾಳೆ, ಮೊದಲು ಯಾವ ಶ, ಆಮೇಲೆ ಯಾವ ಷ ಎಂದು ತಾನೇ ಹೇಳಿಕೊಳ್ಳುತ್ತಾಳೆ. ‘ಸಿದ್ಧ’ದ ಕೆಳಗೆ ಎಳೆಯುವುದಿಲ್ಲ ಅಂದರೆ ಅದು ಅವಳಿಗೆ ಸುಲಭ ಅನಿಸಿದೆ. ಹಾಗಿದ್ದರೆ ನಾನೇ ಬೆರಳಿಟ್ಟು, ‘ದಕಾರಕ್ಕೆ ಯಾವ ಒತ್ತು, ನೋಡು’ ಎನ್ನುತ್ತೇನೆ. ಎರಡನೆಯ ದಿನ ಪುಸ್ತಕ ಮುಚ್ಚಿ ಹೇಳುತ್ತೇನೆ. ಒಂದು ತುಂಡು ಪೂರ್ತಿ ಹೇಳುವುದು, ಅವಳು ಅದನ್ನು ಬಾಯಲ್ಲಿ ತಿರುಗಿ ಹೇಳುವುದು, ಆಮೇಲೆ ಬರೆಯುವುದು. ತಿರುಗಿ ಹೇಳುವ ಹಂತ ಬಿಡಬೇಡಿ. ‘ಹೋಗುತ್ತಿದ್ದರು’ ಎಂದು ನಾವು ಹೇಳಿದ್ದನ್ನು ಮಗು ‘ಹೋಗ್ತಿದ್ರು’ ಎಂದು ತಿರುಗಿ ಹೇಳಿದರೆ ಬರೆಯುವ ಮೊದಲೇ ತಪ್ಪು ಸಿಕ್ಕಿಬಿಡುತ್ತದೆ.

ಸಮಯ ಜಾಸ್ತಿ ಬೇಕು, ಅದು ಇದರ ಬೆಲೆ. ಎರಡೂ ದಿನ ಸೇರಿ ಇಪ್ಪತ್ತು ನಿಮಿಷ ಹಿಡಿಯುತ್ತದೆ. ನೀವು ಪಕ್ಕದಲ್ಲಿ ಕೂರಲೇಬೇಕು. ವಾರಕ್ಕೆ ಎರಡು ತುಣುಕು ಆದರೆ ಧಾರಾಳ. ಏಳು ವರ್ಷದ ಮಗುವಿಗೆ ಒಂದು ವಾಕ್ಯ, ಒಂಬತ್ತಕ್ಕೆ ಮೂರು ನಾಲ್ಕು, ಹನ್ನೊಂದು ಹನ್ನೆರಡಕ್ಕೆ ಒಂದು ಪ್ಯಾರಾ. ಇಬ್ಬರು ಮಕ್ಕಳಿದ್ದರೆ ಎರಡು ಪಾಠ ಹುಡುಕಬೇಕಾಗಿಲ್ಲ. ದೊಡ್ಡವಳು ಪ್ಯಾರಾ ಪೂರ್ತಿ ಬರೆಯುತ್ತಾಳೆ, ಚಿಕ್ಕವನು ಅದೇ ಪ್ಯಾರಾದ ಮೊದಲ ವಾಕ್ಯ ಬರೆಯುತ್ತಾನೆ.

ನೋಡದ ಪಾಠ

ಪಾಠವನ್ನು ತೋರಿಸದೆ ನೇರ ಹೇಳಿ ಬರೆಸುವುದು. ಬಹಳ ಜನ ಉಕ್ತಲೇಖನ ಎಂದರೆ ಇದೇ ಎಂದುಕೊಂಡಿದ್ದಾರೆ. ಇದರಿಂದ ಮಗು ಹೊಸದಾಗಿ ಏನೂ ಕಲಿಯುವುದಿಲ್ಲ. ಆದರೆ ನಮಗೆ ಮಾತ್ರ ಬಹಳ ತಿಳಿಯುತ್ತದೆ. ಮೇಲೆ ಹೇಳಿದ ಕಿವಿ, ಕಣ್ಣು, ಕೈ ಲೆಕ್ಕ ಹಾಕಲು ಇದು ಬೇಕೇ ಬೇಕು. ಹಾಗಾಗಿ ತಿಂಗಳಿಗೊಮ್ಮೆ ಸಾಕು. ಅಂಕ ಹಾಕಬೇಡಿ. ಪರೀಕ್ಷೆ ಎಂದು ಹೆಸರಿಡಬೇಡಿ.

ದಿನಾ ನೋಡದ ಪಾಠ ಬರೆಸುವ ಮನೆಗಳಲ್ಲಿ ಮಕ್ಕಳು ಒಂದು ಉಪಾಯ ಕಲಿಯುತ್ತಾರೆ: ಅನುಮಾನ ಬಂದ ಕಡೆ ಒತ್ತಿಗೂ ಕೊಂಬಿಗೂ ನಡುವೆ ಇರುವಂಥ ಏನೋ ಒಂದು ಗೀರು ಎಳೆದುಬಿಡುವುದು. ಓದುವವರು ಸರಿ ಎಂದುಕೊಳ್ಳಲಿ ಎಂದು. ನಿಮ್ಮ ಮಗುವಿನ ಪುಸ್ತಕದಲ್ಲಿ ಇಂಥ ಗೀರುಗಳು ಕಂಡರೆ ನೋಡದ ಪಾಠ ಜಾಸ್ತಿಯಾಗಿದೆ ಎಂದೇ ಅರ್ಥ.

ಪರೀಕ್ಷೆಯ ಯೋಚನೆ ಇರುವವರಿಗೆ ಒಂದು ಮಾತು. ಹೋಮ್‌ಸ್ಕೂಲ್ ಮಕ್ಕಳಲ್ಲಿ ಅನೇಕರು ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ 10ನೇ ತರಗತಿ ಬರೆಯುತ್ತಾರೆ. ಅದಕ್ಕೆ ಕನಿಷ್ಠ 14 ವರ್ಷ ಆಗಿರಬೇಕು. ಎಂಟು ವರ್ಷದ ಮಗುವನ್ನು ಈಗಲೇ ಓಡಿಸುವ ಅಗತ್ಯ ಇಲ್ಲ, ಅಲ್ವಾ?

ಒಂದೇ ಗುಂಪಿನ ಪದಗಳು

ಒಂದೇ ತಪ್ಪು ಮತ್ತೆ ಮತ್ತೆ ಬರುತ್ತಿದ್ದರೆ ಈ ಬಗೆ ಹಿಡಿಯಿರಿ. ಅಮೆರಿಕದಲ್ಲಿ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆ್ಯನಾ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲಿ, ಓದು ಬರಹ ಕಷ್ಟವಾಗುವ ಮಕ್ಕಳಿಗಾಗಿ ಕಟ್ಟಿದ ಪದ್ಧತಿಯಲ್ಲಿ ಉಕ್ತಲೇಖನಕ್ಕೆ ದೊಡ್ಡ ಜಾಗ ಇದೆ. ಒಂದು ಸದ್ದು, ಆ ಸದ್ದಿನ ಪದಗಳು, ಆ ಪದಗಳ ವಾಕ್ಯ. ಕೇಳಿ, ತಿರುಗಿ ಹೇಳಿ, ಒಡೆದು ಹೇಳಿ, ಬಾಯಲ್ಲಿ ಹೇಳಿಕೊಳ್ಳುತ್ತಲೇ ಬರೆಯುವುದು. ಕನ್ನಡಕ್ಕೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ.

ಕಿವಿಯ ತಪ್ಪಿಗೆ ಜೋಡಿ ಪದ ತೆಗೆದುಕೊಳ್ಳಿ. ಹುಲಿ–ಹುಳಿ, ಬಲೆ–ಬಳೆ, ಕೊಲೆ–ಕೊಳೆ, ಮನೆ–ಮಣೆ, ಅನ್ನ–ಅಣ್ಣ. ‘ಅಣ್ಣ ಮಣೆಯ ಮೇಲೆ ಕೂತು ಅನ್ನ ತಿಂದನು.’ ‘ಹುಲಿಗೆ ಹುಳಿ ಬೇಡ.’ ಇಂಥ ವಾಕ್ಯಗಳನ್ನು ಮಕ್ಕಳೇ ಕಟ್ಟಿ ಕೊಡುತ್ತಾರೆ. ಅಮೆರಿಕದಲ್ಲೋ ದುಬೈನಲ್ಲೋ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ಈ ಜೋಡಿಗಳು ಇನ್ನೂ ಮುಖ್ಯ. ಸುತ್ತ ಕೇಳುವ ಭಾಷೆಯಲ್ಲಿ ಳ ಇಲ್ಲದಿದ್ದರೆ ಮಗುವಿನ ಕಿವಿ ಅದನ್ನು ಲ ಎಂದೇ ಹಿಡಿಯುತ್ತದೆ. ಅಂಥ ಮಗುವಿಗೆ ಬರೆಸುವ ಮೊದಲು ಕೈ ಎತ್ತುವ ಆಟ ಆಡಿಸಿ: ಲ ಕೇಳಿದರೆ ಬಲಗೈ, ಳ ಕೇಳಿದರೆ ಎಡಗೈ. ಕಿವಿ ಹಿಡಿಯದ ಸದ್ದನ್ನು ಬರೆಯಲು ಹೇಳುವುದು ಅನ್ಯಾಯ.

ಕಣ್ಣಿನ ತಪ್ಪಿಗೆ ಗುಂಪು ಕಟ್ಟಿ. ದಕಾರಕ್ಕೆ ಧ ಒತ್ತು ಬರುವವು: ಬುದ್ಧಿ, ಶುದ್ಧ, ಸಿದ್ಧ, ಯುದ್ಧ, ಪದ್ಧತಿ. ಷ ಇರುವವು: ಭಾಷೆ, ವಿಷಯ, ವರ್ಷ, ಔಷಧ, ಮನುಷ್ಯ. ಇದರಲ್ಲಿ ಒಂದು ಸುಲಭದ ಗುರುತೂ ಇದೆ. ಟ, ಠ, ಣ ಇವುಗಳಿಗೆ ಮೊದಲು ಅಂಟಿಕೊಂಡು ಬರುವುದು ಷ: ಕಷ್ಟ, ಇಷ್ಟು, ನಿಷ್ಠೆ, ಕೃಷ್ಣ, ಉಷ್ಣ. ಚಕಾರಕ್ಕೆ ಮೊದಲು ಬರುವುದು ಶ: ಆಶ್ಚರ್ಯ, ಪಶ್ಚಿಮ, ನಿಶ್ಚಯ. ಸ್ಟೇಷನ್, ಸ್ಟೂಲ್ ಥರದ ಹೊರಗಿನಿಂದ ಬಂದ ಪದ ಬಿಟ್ಟರೆ ಈ ಗುರುತು ಕೈಕೊಡುವುದಿಲ್ಲ. ಹತ್ತು ವರ್ಷದ ಮಗುವಿಗೆ ಕಾರಣವನ್ನೂ ಹೇಳಬಹುದು. ಟ, ಠ, ಣ ಮತ್ತು ಷ ಹೇಳುವಾಗ ನಾಲಿಗೆ ಒಂದೇ ಕಡೆಗೆ ಮಡಚುತ್ತದೆ. ಕನ್ನಡಿ ಮುಂದೆ ನಿಂತು ಹೇಳಿ ನೋಡಲಿ. ತಾನೇ ಕಂಡುಕೊಂಡದ್ದನ್ನು ಮಗು ಮರೆಯುವುದಿಲ್ಲ.

ಗುಂಪಿನ ಬಗೆಯಲ್ಲಿ ಒಂದು ಎಚ್ಚರ ಬೇಕು. ಐದು ಪದಕ್ಕೂ ಷ ಬರುತ್ತದೆ ಎಂದು ಗೊತ್ತಾದ ಮೇಲೆ ಮಗು ಯೋಚಿಸುವುದನ್ನು ಬಿಡುತ್ತದೆ. ಮೂರನೆಯ ದಿನದಿಂದ ಶ ಇರುವ ಆಕಾಶ, ದೇಶ, ಶುಭಾಶಯ ಬೆರೆಸಿ. ‘ಶುಭಾಷಯ’ ಎಂದು ಬರೆದ ಬ್ಯಾನರ್‌ಗಳನ್ನು ಹಬ್ಬದ ದಿನ ಬೀದಿಯಲ್ಲಿ ಮಕ್ಕಳು ನೋಡೇ ನೋಡಿರುತ್ತಾರೆ. ಅದನ್ನು ಹುಡುಕಿ ತೋರಿಸಲು ಹೇಳಿ, ಖುಷಿಯಿಂದ ಮಾಡುತ್ತಾರೆ.

ಇಷ್ಟೆಲ್ಲ ಮಾಡಿದರೂ ತಿಂಗಳುಗಟ್ಟಲೆ ಏನೂ ಸುಧಾರಿಸದಿದ್ದರೆ, ಓದುವುದೂ ಕಷ್ಟವಾಗುತ್ತಿದ್ದರೆ, ಬರೆಯುವ ಹೊತ್ತು ಬಂದರೆ ಮಗು ಹೊಟ್ಟೆನೋವು ಎನ್ನುತ್ತಿದ್ದರೆ ಉಕ್ತಲೇಖನ ನಿಲ್ಲಿಸಿ. ಕಲಿಕೆಯ ತೊಂದರೆ ಇದೆಯೇ ಎಂದು ತಿಳಿದವರ ಹತ್ತಿರ ನೋಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ತಪಾಸಣೆ ಮಾಡುತ್ತಾರೆ. ಸೋಮಾರಿತನ ಎಂದು ಬೈಯುತ್ತಾ ವರ್ಷ ಕಳೆಯಬೇಡಿ.

ಫೋನು ಹೇಳುವುದು, ಫೋನು ಬರೆಯುವುದು

ಬಿಡುವಿಲ್ಲದ ಮನೆಗಳಿಗೆ ರೆಕಾರ್ಡಿಂಗ್ ಅನುಕೂಲ. ನೀವೇ ನಿಧಾನವಾಗಿ ಓದಿ ಫೋನಿನಲ್ಲಿ ಹಾಕಿಡಿ. ಮಗು ತನಗೆ ಬೇಕಾದ ಕಡೆ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ಕೇಳಿ ಬರೆಯುತ್ತದೆ. ನಾಲ್ಕನೆಯ ಸಲ ‘ಇನ್ನೊಂದ್ಸಲ ಹೇಳಮ್ಮ’ ಎನ್ನಲು ಹಿಂಜರಿಯುವ ಮಕ್ಕಳಿಗೆ ಇದು ದೊಡ್ಡ ಸಮಾಧಾನ. ಇನ್ನೂ ಒಳ್ಳೆಯದು ಅಂದರೆ ಊರಿನಲ್ಲಿರುವ ಅಜ್ಜಿ ವಾಟ್ಸಾಪ್‌ನಲ್ಲಿ ನಾಲ್ಕು ವಾಕ್ಯ ಹೇಳಿ ಕಳಿಸುವುದು. ಮಗು ಬರೆದು ಫೋಟೊ ತೆಗೆದು ತಿರುಗಿ ಕಳಿಸುತ್ತದೆ. ಪರದೇಶದಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ಕನ್ನಡ ಪಾಠ ಸಿಗಲಾರದು.

ಕೊರತೆ ಇಷ್ಟೇ: ಮಗು ಬರೆಯುವುದನ್ನು ನೀವು ನೋಡುತ್ತಿರುವುದಿಲ್ಲ. ತಪ್ಪು ಬರೆದು, ಅದನ್ನೇ ನೋಡಿಕೊಂಡು, ಪುಟ ಮುಗಿಸಿರುತ್ತದೆ. ಹಾಗಾಗಿ ರೆಕಾರ್ಡಿಂಗ್ ಅನ್ನು ಮೊದಲೇ ತಯಾರಿ ಮಾಡಿದ ಪಾಠಕ್ಕೆ ಮಾತ್ರ ಇಟ್ಟುಕೊಳ್ಳಿ.

ಫೋನಿಗೆ ನಾವು ಹೇಳಿ ಅದು ಬರೆಯುವುದು ಇನ್ನೊಂದು. ಗೂಗಲ್ ಕೀಬೋರ್ಡಿನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ. ಹತ್ತು ವರ್ಷ ದಾಟಿದ ಮಕ್ಕಳಿಗೆ ಇದನ್ನು ತಿರುಗಿಸಿ ಕೊಡಬಹುದು. ಮಗು ಹೇಳಲಿ, ಫೋನು ಬರೆಯಲಿ, ಫೋನಿನ ತಪ್ಪನ್ನು ಮಗು ತಿದ್ದಲಿ. ತಿದ್ದುವ ಕಣ್ಣು ಚುರುಕಾಗುತ್ತದೆ. ಆದರೆ ಟೈಪ್ ಮಾಡುವುದನ್ನು ಉಕ್ತಲೇಖನದ ಬದಲು ಇಡಬೇಡಿ. ಎರಡು ಅಕ್ಷರ ಒತ್ತುವಷ್ಟರಲ್ಲಿ ಪೂರ್ತಿ ಪದ ಮೇಲೆ ಬಂದು ಕೂತಿರುತ್ತದೆ. ಮಗು ಆರಿಸುತ್ತದೆಯೇ ಹೊರತು ಬರೆಯುವುದಿಲ್ಲ.

ಹೇಳುವವರು ಹೇಗೆ ಹೇಳಬೇಕು

ಯಾವ ಬಗೆ ಆರಿಸಿದರೂ ಅದು ನಿಂತಿರುವುದು ನಮ್ಮ ಬಾಯಿಯ ಮೇಲೆ. ನಾವು ‘ಆಲು’ ಎಂದು ಹೇಳಿ ಮಗು ‘ಹಾಲು’ ಎಂದು ಬರೆಯಲಿ ಎಂದರೆ ಆಗುವುದಿಲ್ಲ. ಮನೆಯ ಮಾತು ಮನೆಯ ಮಾತೇ, ಅದನ್ನು ಬದಲಾಯಿಸುವುದು ಬೇಡ. ಉಕ್ತಲೇಖನದ ಹೊತ್ತಿಗೆ ಮಾತ್ರ ಪುಸ್ತಕದ ಮಾತು ಎಂದು ಮಗುವಿಗೆ ಹೇಳಿಟ್ಟರೆ ಸಾಕು. ಮಕ್ಕಳಿಗೆ ಎರಡೂ ಬೇರೆ ಬೇರೆ ಎಂದು ಬೇಗ ಅರ್ಥವಾಗುತ್ತದೆ.

ಮಹಾಪ್ರಾಣವನ್ನು ಹೊಟ್ಟೆಯಿಂದ ಎಳೆದು ‘ಭ್ಹೂಮಿ’ ಎಂದು ಹೇಳುವವರಿದ್ದಾರೆ. ಮೊದಲ ಓದಿನಲ್ಲಿ ಸ್ಪಷ್ಟವಾಗಿ ಹೇಳಿ, ಎರಡನೆಯ ಸಲ ಸಹಜವಾಗಿ ಹೇಳಿ. ಸಹಜ ಉಚ್ಚಾರ ಕೇಳಿಯೂ ‘ದನ’ವೋ ‘ಧನ’ವೋ ಎಂದು ವಾಕ್ಯದ ಅರ್ಥದಿಂದ ಮಗು ಹಿಡಿಯಬೇಕು. ಅಪ್ಪ ಒಂದು ದಿನ, ಅಮ್ಮ ಒಂದು ದಿನ, ಅಜ್ಜ ಬಂದಾಗ ಅಜ್ಜ ಹೀಗೆ ಹೇಳುವವರು ಬದಲಾದರೆ ಇನ್ನೂ ಒಳ್ಳೆಯದು.

ತಿದ್ದುವುದು ಆ ಕೂಡಲೇ ಆಗಬೇಕು. ಸಂಜೆಗೆ ಇಡಬೇಡಿ. ತಪ್ಪಿದ ಪದಕ್ಕೆ ಸುತ್ತು ಹಾಕಿ ಹಾಗೇ ಬಿಡುವ ಬದಲು ಪೂರ್ತಿ ಅಳಿಸಿ ಸರಿಯಾಗಿ ಬರೆಸಿ. ಹತ್ತು ಸಲ ಬರೆಸಬೇಡಿ, ಐದನೆಯ ಸಲದ ಹೊತ್ತಿಗೆ ಮಗು ಪದ ಬಿಟ್ಟು ಗೆರೆ ಎಳೆಯುತ್ತಿರುತ್ತದೆ. ನೋಟ್‌ಬುಕ್ಕಿನ ಕೊನೆಯಲ್ಲಿ ತಪ್ಪಿದ ಪದಗಳಿಗೆ ಒಂದು ಪುಟ ಇರಲಿ. ಮುಂದಿನ ವಾರದ ವಾಕ್ಯದಲ್ಲಿ ಆ ಪದ ಮತ್ತೆ ಬರುವ ಹಾಗೆ ನೋಡಿಕೊಳ್ಳಿ.

ಪಾಠ ಎಲ್ಲಿಂದ?

ಇದಕ್ಕೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಕನ್ನಡ ಪಠ್ಯಪುಸ್ತಕಗಳ ಪಿಡಿಎಫ್ ಸಿಗುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ವೆಬ್‌ಸೈಟಿನಲ್ಲಿ ಮಕ್ಕಳ ಕನ್ನಡ ಕತೆಗಳು ಓದುವ ಮಟ್ಟದ ಪ್ರಕಾರ ವಿಂಗಡಿಸಿ ಉಚಿತವಾಗಿ ಇವೆ. ಮಗು ಈಗ ಓದಿ ಮೆಚ್ಚಿದ ಪುಸ್ತಕದ ಸಾಲುಗಳು ಎಲ್ಲಕ್ಕಿಂತ ಮೇಲು. ಬಿಡಿ ಬಿಡಿ ಪದಗಳನ್ನು ತುರುಕಲೆಂದೇ ನಾವು ಕಟ್ಟಿದ ವಾಕ್ಯಕ್ಕೆ ಆ ರುಚಿ ಬರುವುದಿಲ್ಲ. ವಚನಗಳ ಸಾಲುಗಳೂ ಚೆನ್ನಾಗಿ ಒಪ್ಪುತ್ತವೆ, ಚಿಕ್ಕವು, ಬಾಯಿಗೆ ಬಂದಿರುತ್ತವೆ. ಆದರೆ ಹಳೆಯ ರೂಪಗಳಿರುವ ಸಾಲನ್ನು ಹತ್ತು ವರ್ಷಕ್ಕೆ ಮೊದಲು ಬರೆಸಬೇಡಿ.

ಇಂಗ್ಲಿಷಿಗೆ ಬೇರೆ ಲೆಕ್ಕ

ಎರಡೂ ಭಾಷೆ ಕಲಿಸುವ ಮನೆಗಳಲ್ಲಿ ಎರಡಕ್ಕೂ ಒಂದೇ ಬಗೆ ಇಟ್ಟುಕೊಳ್ಳುವುದನ್ನು ನೋಡಿದ್ದೇನೆ. ಅದು ಕೆಲಸ ಮಾಡುವುದಿಲ್ಲ. ಇಂಗ್ಲಿಷಿನ ‘ನೈಫ್’ನಲ್ಲಿ ಮೊದಲು ಕೆ ಇದೆ ಎಂದು ಯಾವ ಕಿವಿಯೂ ಹೇಳುವುದಿಲ್ಲ. ಪಶ್ಚಿಮ ದಿಕ್ಕಿನ ‘ವೆಸ್ಟ್’ ಡಬ್ಲ್ಯುದಿಂದ, ಒಳಗೆ ಹಾಕುವ ಬನಿಯನ್ ‘ವೆಸ್ಟ್’ ವಿಯಿಂದ ಶುರುವಾಗುತ್ತದೆ. ಕನ್ನಡದವರ ಬಾಯಲ್ಲಿ ಎರಡೂ ಒಂದೇ ವ. ನಾವು ಹೇಳಿದ್ದು ಯಾವ ವೆಸ್ಟ್ ಎಂದು ಮಗು ವಾಕ್ಯದಿಂದಲೇ ತಿಳಿಯಬೇಕು. ಆದ್ದರಿಂದ ಇಂಗ್ಲಿಷಿನಲ್ಲಿ ನೋಡದ ಪಾಠ ಇನ್ನೂ ಕಡಿಮೆ ಮಾಡಿ, ಮೊದಲು ತೋರಿಸುವ ಬಗೆಯನ್ನೇ ಹಿಡಿಯಿರಿ. ಬಿಡಿ ಪದದ ಪಟ್ಟಿ ಕೊಡುವುದಾದರೆ ಪ್ರತಿ ಪದವನ್ನೂ ಒಂದು ವಾಕ್ಯದಲ್ಲಿ ಹೇಳಿ.

ಒಂದೇ ದಿನ ಎರಡೂ ಭಾಷೆಯ ಉಕ್ತಲೇಖನ ಬೇಡ. ವಾರದಲ್ಲಿ ಕನ್ನಡಕ್ಕೆ ಎರಡು ದಿನ, ಇಂಗ್ಲಿಷಿಗೆ ಎರಡು ದಿನ ಇಟ್ಟು, ಐದನೆಯ ದಿನ ಮಗು ತನಗೆ ಬೇಕಾದ್ದನ್ನು ಬರೆಯಲಿ. ಆ ಪುಟವನ್ನು ತಿದ್ದಬೇಡಿ, ನೀವು ಓದಿಕೊಳ್ಳಿ ಅಷ್ಟೆ. ತಯಾರಿ ಮಾಡಿದ ಪದಗಳು ಅಲ್ಲಿ ಕೇಳದೆಯೇ ಸರಿಯಾಗಿ ಬರತೊಡಗಿದರೆ ಕನ್ನಡದ ದಿನಗಳನ್ನು ಎರಡರಿಂದ ಒಂದಕ್ಕೆ ಇಳಿಸಬಹುದು.